ಬರ್ಲಿನ್‌ನಲ್ಲಿ ನಮ್ಮ ಮಕ್ಕಳಿಗೆ ವಿಳಾಸ ಕೊಟ್ಟವರಿಗೆ

ತುಮಕೂರು, ಗುಬ್ಬಿ, ತಿಪಟೂರು, ಮಧುಗಿರಿ ಕಡೆಯಿಂದ ಈ ಸಲದ ಚಳಿಗಾಲದ ಸೆಮಿಸ್ಟರಿಗೆ ಬರ್ಲಿನ್‌ಗೆ ಓದಲು ಹೋದ ನಮ್ಮ ಮಕ್ಕಳೆಲ್ಲರ ಕೈಗೂ ರೆಸಿಡೆನ್ಸ್ ಪರ್ಮಿಟ್ ಕಾರ್ಡ್ ಬಂದಿದೆ. ಅಲ್ಲಿಯ ತನಕ ಕೈಹಿಡಿದು ನಡೆಸಿದವರು ಊರಲ್ಲೂ ಇದ್ದಾರೆ, ಬರ್ಲಿನ್‌ನಲ್ಲೂ ಇದ್ದಾರೆ. ಅವರಿಗಾಗಿ ಪೋಷಕರೂ ಮೊದಲೇ ಹೋಗಿ ನೆಲೆ ನಿಂತ ಹಿರಿಯ ವಿದ್ಯಾರ್ಥಿಗಳೂ ಸೇರಿ ಬರೆಯುತ್ತಿರುವ ಪತ್ರ ಇದು. ಹೆಸರು ಹಾಕಬೇಡಿ ಎಂದು ಬಹಳ ಜನ ಕೇಳಿಕೊಂಡಿದ್ದಾರೆ. ಹಾಗಾಗಿ ಹೆಸರು ಬಿಟ್ಟು, ಅವರು ಮಾಡಿದ ಕೆಲಸ ಯಾಕೆ ಅಷ್ಟು ದೊಡ್ಡದು ಎಂಬುದನ್ನು ಬಿಡಿಸಿ ಹೇಳುತ್ತೇವೆ. ಮುಂದೆ ಹೋಗುವವರಿಗೂ ಉಪಯೋಗಕ್ಕೆ ಬರಲಿ.

ಮೊದಲ ನಮಸ್ಕಾರ, ಕೊಠಡಿ ಬಾಡಿಗೆಗೆ ಕೊಟ್ಟಿದ್ದಲ್ಲದೆ ವಿಳಾಸ ನೋಂದಣಿಯ ಕಾಗದಕ್ಕೆ ಸಹಿಯನ್ನೂ ಹಾಕಿಕೊಟ್ಟ ಮನೆಯವರಿಗೆ. ಜರ್ಮನಿಯಲ್ಲಿ ಹೊಸ ಮನೆಗೆ ಹೋದ 2 ವಾರದೊಳಗೆ ಬ್ಯುರ್ಗರ್‌ಆಮ್ಟ್ ಎಂಬ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಅದೇ ಅನ್‌ಮೆಲ್ಡುಂಗ್. ಬಾಡಿಗೆ ಕರಾರು ತೋರಿಸಿದರೆ ಅಲ್ಲಿ ನಡೆಯುವುದಿಲ್ಲ. ಇಂಥವರು ಇಂಥ ದಿನದಿಂದ ಈ ಮನೆಯಲ್ಲಿದ್ದಾರೆ ಎಂದು ಮನೆ ಕೊಟ್ಟವರೇ ಸಹಿ ಮಾಡಿದ ಬೇರೆ ಫಾರಂ ಬೇಕೇ ಬೇಕು. ಅದಿಲ್ಲದೆ ನೋಂದಣಿ ಇಲ್ಲ. ನೋಂದಣಿ ಇಲ್ಲದೆ ಬಹಳಷ್ಟು ಬ್ಯಾಂಕುಗಳು ಖಾತೆ ತೆರೆಯುವುದಿಲ್ಲ, ಟ್ಯಾಕ್ಸ್ ನಂಬರ್ ಬರುವುದಿಲ್ಲ, ಪರ್ಮಿಟ್ ಅರ್ಜಿ ಮುಂದಕ್ಕೆ ಸಾಗುವುದಿಲ್ಲ. ಖಾತೆ ಇಲ್ಲದಿದ್ದರೆ, ವೀಸಾಕ್ಕಾಗಿ ಮೊದಲೇ ದುಡ್ಡು ತುಂಬಿಡಬೇಕಾದ ಬ್ಲಾಕ್ಡ್ ಅಕೌಂಟ್‌ನಲ್ಲಿ ಸಾಲ ಮಾಡಿ ಹಾಕಿಟ್ಟ ನಮ್ಮದೇ ದುಡ್ಡು ಕೈಗೆ ಸಿಗುವುದಿಲ್ಲ. ಇಷ್ಟೆಲ್ಲ ಆ ಒಂದು ಸಹಿಯ ಮೇಲೆ ನಿಂತಿದೆ.

ಒಳಬಾಡಿಗೆಗೆ ಕೊಡುವವರಲ್ಲಿ ಅನೇಕರು ಮಾಲೀಕರ ಒಪ್ಪಿಗೆ ತೆಗೆದುಕೊಂಡಿರುವುದಿಲ್ಲ. ಅದಕ್ಕೇ ಅವರು ಸಹಿಗೆ ಹಿಂದೇಟು ಹಾಕುತ್ತಾರೆ. ಬಾಡಿಗೆ ಕಡಿಮೆ ಎಂದು ಅಂಥ ಕೊಠಡಿ ಹಿಡಿದರೆ ನೋಂದಣಿಗಾಗಿ ಇನ್ನೊಂದು ಮನೆ ಹುಡುಕಬೇಕಾಗುತ್ತದೆ. ಇನ್ನೂ ಕೆಟ್ಟದ್ದೆಂದರೆ, ‘ಮಾಲೀಕರು ಹೊರದೇಶದಲ್ಲಿದ್ದಾರೆ, ಅಡ್ವಾನ್ಸ್ ಹಾಕಿ, ಕೀ ಕೊರಿಯರ್‌ನಲ್ಲಿ ಬರುತ್ತದೆ’ ಎಂಬ ಜಾಹೀರಾತುಗಳು. ಅವು ಮೋಸದವೇ. ತಮ್ಮ ಕ್ಲಾಸು, ಪಾರ್ಟ್ ಟೈಮ್ ಕೆಲಸದ ನಡುವೆ ಮೆಟ್ರೊ ಹತ್ತಿ ಹೋಗಿ, ಕೊಠಡಿ ನಿಜಕ್ಕೂ ಇದೆಯೇ, ಕೊಡುವವರು ಯಾರು, ಸಹಿ ಹಾಕುತ್ತಾರೆಯೇ ಎಂದು ನೋಡಿ ವಿಡಿಯೊ ಕಾಲ್‌ನಲ್ಲಿ ನಮಗೂ ತೋರಿಸಿದ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮಿಂದ ನಮ್ಮ ಲಕ್ಷಗಟ್ಟಲೆ ದುಡ್ಡು ಉಳಿಯಿತು. ಅಡ್ವಾನ್ಸ್ ವಿಷಯದಲ್ಲಿ ಕಾನೂನು ಬಾಡಿಗೆದಾರರ ಪರ ಇದೆ ಎಂದು ಹೇಳಿಕೊಟ್ಟವರೂ ನೀವೇ. ಹೀಟಿಂಗ್, ನೀರಿನ ಖರ್ಚು ಬಿಟ್ಟು ಬರಿಯ ಬಾಡಿಗೆಯ 3 ತಿಂಗಳ ಮೊತ್ತಕ್ಕಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ 3 ಕಂತಿನಲ್ಲಿ ಕಟ್ಟಬಹುದು. ಬೆಂಗಳೂರಿನ 10 ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಾದ ನಮಗೆ ಇದು ನಂಬಲಾಗದ ಮಾತಾಗಿತ್ತು.

ಮನೆ ಸಿಕ್ಕ ದಿನವೇ ಮಾಡಬೇಕಾದ ಕೆಲಸವೊಂದಿದೆ: ಕೆಳಗಿನ ಟಪಾಲು ಪೆಟ್ಟಿಗೆಯ ಮೇಲೆ ಹೆಸರು ಅಂಟಿಸುವುದು. ಅಲ್ಲಿ ಅಪಾರ್ಟ್‌ಮೆಂಟಿನ ಮನೆಗಳಿಗೆ ಸಾಮಾನ್ಯವಾಗಿ ಡೋರ್ ನಂಬರ್ ಇರುವುದಿಲ್ಲ. ಪೋಸ್ಟ್‌ಮನ್ ನೋಡುವುದು ಬೀದಿ, ಕಟ್ಟಡದ ನಂಬರು, ಆಮೇಲೆ ಪೆಟ್ಟಿಗೆಯ ಮೇಲಿನ ಹೆಸರು. ‘ಇಂಥ ಕ್ರಾಸ್, ಗಣಪತಿ ದೇವಸ್ಥಾನದ ಹಿಂದೆ’ ಎನ್ನುವ ನಮ್ಮ ಲೆಕ್ಕ ನಡೆಯದು. ಹೆಸರಿಲ್ಲದಿದ್ದರೆ ಬ್ಯಾಂಕ್ ಕಾರ್ಡು, ಅದರ ಪಿನ್ನು, ಟ್ಯಾಕ್ಸ್ ನಂಬರು, ವಿಮೆಯ ಕಾರ್ಡು ಎಲ್ಲವೂ ಸದ್ದಿಲ್ಲದೆ ವಾಪಸ್ ಹೋಗುತ್ತವೆ. ಮಕ್ಕಳ ಹೆಸರನ್ನು ಪ್ರಿಂಟ್ ಮಾಡಿ, ಪೆಟ್ಟಿಗೆಗೂ ಬೆಲ್ಲಿಗೂ ತಾವೇ ಅಂಟಿಸಿಕೊಟ್ಟ ಹಾಸ್ಟೆಲ್ ಉಸ್ತುವಾರಿಯವರಿಗೆ ವಿಶೇಷ ಕೃತಜ್ಞತೆ. ಕನ್ನಡದ ಉದ್ದುದ್ದ ಹೆಸರುಗಳನ್ನು ಒಂದಕ್ಷರ ತಪ್ಪದಂತೆ ಹಾಕಿದ್ದರು.

ಹೆಸರಿನ ಮಾತು ಬಂದಾಗ ಊರಿನವರನ್ನು ನೆನೆಯಲೇಬೇಕು. ನಮ್ಮ ಕಡೆ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಅದು ಊರು, ತಂದೆಯ ಹೆಸರಾಗಿ ಬಿಚ್ಚಿಕೊಂಡಿರುತ್ತದೆ, ಇಲ್ಲವೇ ಸರ್‌ನೇಮ್ ಜಾಗ ಖಾಲಿಯೇ ಇರುತ್ತದೆ. ಜರ್ಮನಿಯ ಯಾವ ಫಾರಂ ಕೂಡ ಸರ್‌ನೇಮ್ ಇಲ್ಲದೆ ಮುಂದೆ ಹೋಗುವುದಿಲ್ಲ. ವಿಶ್ವವಿದ್ಯಾಲಯ ಒಂದು ರೀತಿ, ವಿಮೆಯವರು ಇನ್ನೊಂದು ರೀತಿ ತುಂಬಿಬಿಟ್ಟರೆ ಎರಡು ದಾಖಲೆ ಒಬ್ಬರದೇ ಎಂದು ಸಾಬೀತು ಮಾಡುವುದರಲ್ಲೇ ಸೆಮಿಸ್ಟರ್ ಶುರುವಾಗುತ್ತದೆ. ಆದ್ದರಿಂದ ಅಂಕಪಟ್ಟಿ ಪರಿಶೀಲಿಸುವ ಎಪಿಎಸ್ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟ್ ಸರಿಪಡಿಸಿಕೊಳ್ಳಿ. ಆಮೇಲೆ ಎಲ್ಲ ಕಡೆ ಪಾಸ್‌ಪೋರ್ಟ್‌ನಲ್ಲಿದ್ದಂತೆಯೇ ಬರೆಯಿರಿ. ಎರಡು ಹೆಸರೂ ಒಬ್ಬರದೇ ಎಂಬ ಅಫಿಡವಿಟ್ ಮಾಡಿಕೊಟ್ಟ ನೋಟರಿಗಳಿಗೆ, ಬಿ.ಎಚ್. ರಸ್ತೆಯಲ್ಲಿ ಅಂಗಡಿ ಮುಚ್ಚುವ ಹೊತ್ತಾದರೂ ಒಂದೊಂದು ಪುಟವನ್ನೂ ನೆಟ್ಟಗೆ ಸ್ಕ್ಯಾನ್ ಮಾಡಿಕೊಟ್ಟ ಜೆರಾಕ್ಸ್‌ನವರಿಗೆ ನಮ್ಮ ವಂದನೆ.

ಬ್ಯಾಂಕಿನ ಅಧಿಕಾರಿಗಳಿಗೂ. ಬ್ಲಾಕ್ಡ್ ಅಕೌಂಟ್‌ಗೆ ವರ್ಷಕ್ಕೆ 11,904 ಯೂರೊ ಹಾಕಬೇಕು, ಅದರಿಂದ ತಿಂಗಳಿಗೆ 992 ಯೂರೊ ಮಾತ್ರ ಬಿಡುಗಡೆಯಾಗುತ್ತದೆ. ಲೆಕ್ಕಕ್ಕೆ ಸರಿಯಾಗಿ ಅಷ್ಟೇ ಕಳಿಸಿದರೆ ನಡುವಿನ ಬ್ಯಾಂಕುಗಳು ತಮ್ಮ ಚಾರ್ಜ್ ಮುರಿದುಕೊಂಡು ಕಡಿಮೆ ಮೊತ್ತ ತಲುಪುತ್ತದೆ. ಹತ್ತಿಪ್ಪತ್ತು ಯೂರೊ ಕಡಿಮೆಯಾದರೂ ವೀಸಾಕ್ಕೆ ಬೇಕಾದ ದೃಢೀಕರಣ ಪತ್ರ ಬರುವುದಿಲ್ಲ. ಚಾರ್ಜ್ ಎಲ್ಲ ಕಳಿಸುವವರದೇ ಎಂಬ ಆಯ್ಕೆ ಹಾಕಿ, ಮೇಲೆ ಒಂದಿಷ್ಟು ಸೇರಿಸಿ ಕಳಿಸಿ ಎಂದು ಅವರು ಹೊರದೇಶಕ್ಕೆ ಹಣ ಕಳಿಸುವ ಎ2 ಫಾರಂ ತುಂಬುವಾಗಲೇ ಎಚ್ಚರಿಸಿದರು. ಮೊದಲ ತಿಂಗಳ ಬಾಡಿಗೆ, ಅಡ್ವಾನ್ಸಿನ ಮೊದಲ ಕಂತು, ವಿಮೆ ಇವುಗಳಿಗೆ 1,500 ಯೂರೊ ಆದರೂ ಬೇರೆಯಾಗಿ ಕಾರ್ಡಿನಲ್ಲಿರಲಿ ಎಂಬುದು ನಮ್ಮ ಸಲಹೆ.

ಅಲ್ಲಿಳಿದ ಮೊದಲ ವಾರ ಜೊತೆಗಿದ್ದವರ ಉಪಕಾರ ಸಣ್ಣದಲ್ಲ. ಬರ್ಲಿನ್ ವಿಮಾನ ನಿಲ್ದಾಣ ಟಿಕೆಟ್ ದರದ ಲೆಕ್ಕದಲ್ಲಿ ಸಿ ವಲಯದಲ್ಲಿದೆ, ಊರೊಳಗಿನ ಎಬಿ ಟಿಕೆಟ್ ಅಲ್ಲಿಂದ ನಡೆಯುವುದಿಲ್ಲ. ನಮ್ಮ ಮೆಟ್ರೊದಂತೆ ಗೇಟೂ ಇಲ್ಲ. ಕಾಗದದ ಟಿಕೆಟ್ ಕೊಂಡರೆ ಸಾಲದು, ರೈಲು ಹತ್ತುವ ಮುಂಚೆ ಸಣ್ಣ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ತಪ್ಪಿದರೆ 60 ಯೂರೊ ದಂಡ, ಹೊಸಬರೆಂಬ ರಿಯಾಯಿತಿ ಇಲ್ಲ. ಬ್ಯುರ್ಗರ್‌ಆಮ್ಟ್‌ನ ಅಪಾಯಿಂಟ್‌ಮೆಂಟ್ ವಾರಗಟ್ಟಲೆ ಖಾಲಿ ಸಿಗದಾಗ, ಮನೆ ಹತ್ತಿರದ್ದಕ್ಕೇ ಕಾಯಬೇಡಿ, 12 ಜಿಲ್ಲೆಗಳಲ್ಲಿ ಯಾವುದಾದರೂ ನಡೆಯುತ್ತದೆ, ಬೆಳಿಗ್ಗೆ ಬೇಗ ನೋಡಿ, ಯಾರೋ ಬಿಟ್ಟುಕೊಟ್ಟ ಜಾಗಗಳು ಹಗಲಲ್ಲೂ ಕಾಣಿಸುತ್ತವೆ ಎಂದು ಹೇಳಿ, ತಾವೂ ಕೂತು ನೋಡಿದರು. ವಿದ್ಯಾರ್ಥಿ ದರದ ಸರ್ಕಾರಿ ಮಾದರಿಯ ಆರೋಗ್ಯ ವಿಮೆಯನ್ನೇ ಮಾಡಿಸಿ, ಅದು 30 ವರ್ಷದೊಳಗಿನವರಿಗೆ ಮಾತ್ರ ಎಂದು ತಿಳಿಸಿದ್ದರಿಂದ, ಅಗ್ಗದ ಪ್ರಯಾಣ ವಿಮೆ ನಂಬಿಕೊಂಡು ಹೋಗುವುದು ತಪ್ಪಿತು. ರೇಡಿಯೊ, ಟಿವಿ ಶುಲ್ಕದ ಪತ್ರ ಬಂದಾಗ ಎಸೆಯಬೇಡಿ ಎಂದವರೂ ಇವರೇ. ತಿಂಗಳಿಗೆ 18.36 ಯೂರೊ, ಟಿವಿ ಇಲ್ಲದಿದ್ದರೂ ಕಟ್ಟಬೇಕು. ಆದರೆ ಅದು ತಲೆಗಲ್ಲ, ಮನೆಗೆ. ಜೊತೆಗಿರುವವರಲ್ಲಿ ಒಬ್ಬರು ಕಟ್ಟುತ್ತಿದ್ದರೆ ಅವರ ಶುಲ್ಕದ ಖಾತೆಯ ನಂಬರ್ ಕೊಟ್ಟರಾಯಿತು.

ಇನ್ನು ಅಡುಗೆಮನೆ. ತುಪ್ಪ, ಪೇಡ, ಹಾಲಿನ ಪುಡಿ, ಮಾಂಸ ಯಾವುದನ್ನೂ ಸೂಟ್‌ಕೇಸಿನಲ್ಲಿ ಒಯ್ಯುವಂತಿಲ್ಲ, ಯುರೋಪಿಯನ್ ಒಕ್ಕೂಟದ ನಿಯಮ. ಹಸಿ ಕರಿಬೇವೂ ಬೇಡ. ರಾಗಿ ಹಿಟ್ಟು, ಹುರುಳಿಕಾಳು, ಸಾರಿನ ಪುಡಿ, ಚಟ್ನಿಪುಡಿಗೆ ತೊಂದರೆಯಿಲ್ಲ. ಅಲ್ಯೂಮಿನಿಯಂ ಪಾತ್ರೆ, ಕುಕ್ಕರ್ ಇಂಡಕ್ಷನ್ ಒಲೆಯಲ್ಲಿ ಕಾಯುವುದೇ ಇಲ್ಲ, ತಳಕ್ಕೆ ಮ್ಯಾಗ್ನೆಟ್ ಹಿಡಿಯುವ ಪಾತ್ರೆಯೇ ಆಗಬೇಕು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಬೆಳೆದ ಮಕ್ಕಳಿಗೆ, ಚಳಿಯಲ್ಲಿ ಹುಳಿ ಬಾರದ ಹಿಟ್ಟನ್ನು ಓವನ್ನಿನಲ್ಲಿಟ್ಟು ಅದರ ಲೈಟ್ ಮಾತ್ರ ಹಾಕಿಡುವುದನ್ನು ತೋರಿಸಿಕೊಟ್ಟ ಅಕ್ಕನಿಗೆ ಮನೆಮನೆಯ ಅಮ್ಮಂದಿರ ಹಾರೈಕೆ ಇದೆ. ಪಕ್ಕದ ಮನೆಯ ಅಜ್ಜಿಯೊಬ್ಬರು ಕಿಟಕಿಯ ಪಾಠ ಹೇಳಿದರು: ಅನ್ನ ಬೇಯಿಸಿದ ಮೇಲೆ, ಬಟ್ಟೆ ಒಣಗಿಸಿದ ಮೇಲೆ ಕಿಟಕಿಯನ್ನು ಪೂರ್ತಿ ತೆರೆದು 5–10 ನಿಮಿಷ ಬಿಟ್ಟು ಮುಚ್ಚಬೇಕು, ದಿನಕ್ಕೆ ಎರಡು ಮೂರು ಸಲ. ಚಳಿಯೆಂದು ಮುಚ್ಚಿಯೇ ಇಟ್ಟರೆ ಒಳಗಿನ ಹಬೆ ತಣ್ಣನೆಯ ಗೋಡೆಗೆ ಕೂತು ಬೂಸ್ಟು ಹಿಡಿಯುತ್ತದೆ, ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಾರೆ. ಭಾಷೆ ಬಾರದ ಹುಡುಗರಿಗೆ ತಾವೇ ಕಿಟಕಿ ತೆರೆದು, ಗಡಿಯಾರ ತೋರಿಸಿ ಹೇಳಿಕೊಟ್ಟ ಆ ತಾಯಿಗೆ ಕೈಮುಗಿಯುತ್ತೇವೆ.

ಮುಂದಿನ ಅಕ್ಟೋಬರಿಗೆ ಹೋಗುವವರು ಈಗಲೇ ಕೇಳುತ್ತಿದ್ದಾರೆ. ಬರ್ಲಿನ್‌ನಲ್ಲಿ ಸೆಪ್ಟೆಂಬರ್ ಕೊನೆಗೆ ಕೊಠಡಿ ಬಿಡುವವರು ಯಾರಾದರೂ ಇದ್ದರೆ, ಮನೆಯವರು ನೋಂದಣಿಗೆ ಸಹಿ ಹಾಕುತ್ತಾರೆಯೇ ಎಂದು ಮೊದಲು ವಿಚಾರಿಸಿ, ಆಮೇಲೆ ನಮಗೆ ತಿಳಿಸಿ.