ಮಣ್ಣು ಹೊತ್ತೋರಿಗೆಲ್ಲಾ ಥ್ಯಾಂಕ್ಸ್

ಮೊನ್ನೆ ಭಾನುವಾರ ಸಂಜೆ ಕಿರುರಂಗಮಂದಿರದಲ್ಲಿ ನಮ್ಮ 52 ನಿಮಿಷದ ಸಿನಿಮಾ ಮುಗಿದು ಲೈಟ್ ಹಾಕಿದಾಗ ನಂಗೆ ಮಾತೇ ಬರ್ಲಿಲ್ಲ. ಗಂಟಲು ಕಟ್ಕೊಂಡು, ಮೈಕಲ್ಲಿ ಎರಡು ಹೆಸರು ಹೇಳಿ ಇಳಿದ್ಬಿಟ್ಟೆ. ಅವತ್ತು ಹೇಳ್ಬೇಕಾಗಿದ್ದನ್ನ ಇಲ್ಲಿ ಬರೀತಿದೀನಿ. ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಅವತ್ತು ಬರೋಕಾಗದೇ ಇದ್ದೋರಿಗೆ ಕಥೆ ಎಲ್ಲೀದು ಅಂತ ಹೇಳ್ಬಿಡ್ತೀನಿ. ಬ್ರೆಜಿಲ್‌ನ ಪಾರಾ ರಾಜ್ಯದ ಕಾಡಲ್ಲಿ ಸೆರ್ರಾ ಪೆಲಾಡಾ ಅಂತ ಒಂದು ಜಾಗ, ಅಂದ್ರೆ ಬೋಳು ಬೆಟ್ಟ. 1979ರ ಸುಮಾರಿಗೆ ಅಲ್ಲಿ ಚಿನ್ನ ಸಿಕ್ತಂತೆ ಅಂತ ಸುದ್ದಿ ಹಬ್ಬಿ ಜನ ನುಗ್ಗಿದ್ದೇ ನುಗ್ಗಿದ್ದು, ಕೆಲವೇ ವರ್ಷದಲ್ಲಿ ಒಂದು ಲಕ್ಷದ ಹತ್ರ ಹತ್ರ ಆದ್ರು. ಎರಡು ಮೀಟರ್‌ಗೆ ಮೂರು ಮೀಟರ್ ತುಂಡು ಜಾಗ, ಅದ್ರಲ್ಲಿ ಗುದ್ದಲಿ ಪಿಕಾಸಿ ಹಿಡ್ಕೊಂಡು ಅಗೆಯೋದು, ಮಣ್ಣನ್ನ ಚೀಲಕ್ಕೆ ತುಂಬಿ ಮರದ ಏಣಿ ಹತ್ತಿ ಮೇಲಕ್ಕೆ ಹೊರೋದು, ದಿನಕ್ಕೆ ಎಷ್ಟೋ ಸಲ. 1980ರಲ್ಲಿ ಸರ್ಕಾರ ಒಬ್ಬ ಮೇಜರ್‌ನ ಕಳಿಸಿ ಗಣಿ ಒಳಗೆ ಹೆಂಡ ಇರಬಾರ್ದು ಬಂದೂಕು ಇರಬಾರ್ದು ಹೆಂಗಸ್ರು ಬರಬಾರ್ದು ಅಂತ ಮಾಡ್ತು, ಆಗ ಅದೆಲ್ಲಾ ಹೆದ್ದಾರಿ ಪಕ್ಕ ಸುಮಾರು 30 ಕಿಲೋಮೀಟರ್ ದೂರದಲ್ಲಿ ಬೆಳೆದ ಇನ್ನೊಂದು ಊರಿಗೆ ಹೋಯ್ತು. ಕುಡಿತ, ಜೂಜು, ಕೊಲೆ, ಕೇಳೋರಿಲ್ಲ. ನಮ್ಮ ಸಿನಿಮಾ ಆ ಊರಿಂದೇ. ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಓದೋವಾಗ ಸೆಬಾಸ್ಟಿಯಾವೋ ಸಲ್ಗಾಡೋ 1986ರಲ್ಲಿ ಅಲ್ಲಿ ತೆಗೆದ ಕಪ್ಪು ಬಿಳುಪು ಫೋಟೋ ನೋಡಿದ್ದೆ, ಆ ಗುಂಡಿ ಅಂಚಲ್ಲಿ ಇರುವೆ ಥರ ಹತ್ತೋ ಜನ. ಅವತ್ತಿಂದ ತಲೇಲಿ ಕೂತಿತ್ತು.

ಮೊದ್ಲು ಬರೆದಿದ್ದ ಸ್ಕ್ರಿಪ್ಟಲ್ಲಿ ಬಂದೂಕು ಹಿಡಿದೋನೇ ಹೀರೋ. ಅದನ್ನ ಬದಲಾಯಿಸಿದ್ದು ಯಾರು ಅಂತ ಹೇಳೋಕೇ ಮುಖ್ಯವಾಗಿ ಇದನ್ನ ಬರೀತಿರೋದು.

ಪಾಂಡವಪುರದ ಕಡೆ ಒಂದು ಹಳೇ ಕಲ್ಲು ಕ್ವಾರೀಲಿ ಶೂಟಿಂಗು. ಗಣಿ ಕೆಲಸಗಾರರಾಗಿ ಬಂದಿದ್ದು ಕಬ್ಬು ಕಡಿಯೋ ಗ್ಯಾಂಗಿನ ಮೂವತ್ತೆಂಟು ಜನ, ಜೊತೆಗೆ ಅವ್ರ ಮೇಸ್ತ್ರಿ. ಚೀಲಕ್ಕೆ ನಾವು ತೆಂಗಿನ ನಾರು ತುಂಬಿಸಿದ್ವಿ, ಹಗುರ ಇರ್ಲಿ ಅಂತ. ಮೊದಲ್ನೇ ಶಾಟ್ ನಡೀತಿರೋವಾಗ್ಲೇ ಮೇಸ್ತ್ರಿ ಅಣ್ಣ ಚೀಲ ಕೆಳಗಿಟ್ಟು ಬಂದು, "ಇದನ್ ಯಾರ್ ನಂಬ್ತಾರೆ ಕಣವ್ವ, ಭಾರ ಹೊತ್ತೋನು ಕಾಲ್ ನೋಡ್ಕಂಡ್ ನಡೀತಾನೆ, ಹಿಂಗ್ ಮೇಲ್ ನೋಡ್ಕಂಡಲ್ಲ" ಅಂದ್ರು. ಆಮೇಲೆ ಅರ್ಧ ಚೀಲ ಮಣ್ಣು ತುಂಬಿಸಿ ತಾವೇ ಹತ್ತಿ ತೋರಿಸಿದ್ರು. ಕಬ್ಬಿನ ಹೊರೆ ತಲೆ ಮೇಲಿಟ್ಕೊಂಡು ಹಲಗೆ ಹತ್ತಿ ಲಾರಿಗೆ ಹಾಕೋರು ಅವ್ರು, ಮೂವತ್ತು ವರ್ಷದಿಂದ ಅದೇ ಕೆಲಸ. ಹತ್ತೋವಾಗ ಉಸಿರು ಎಲ್ಲಿ ಹಿಡೀಬೇಕು, ಮುಂದಿನೋನು ನಿಂತ್ರೆ ಹಿಂದಿನೋನು ಮೊಣಕಾಲು ಎಲ್ಲಿ ಒತ್ತಿ ನಿಲ್ಬೇಕು, ಸಿಂಬಿ ಜಾರಿದ್ರೆ ಕೈ ಹೆಂಗೆ ಹೋಗುತ್ತೆ, ಒಂದೊಂದೂ ಹೇಳ್ಕೊಟ್ರು. ನಮ್ಮ ಕ್ಯಾಮೆರಾ ಹುಡುಗ ಏನೂ ಮಾತಾಡ್ದೆ ಟ್ರೈಪಾಡ್ ಇಳಿಸಿ ಕಾಲಿನ ಮಟ್ಟಕ್ಕೆ ತಂದ. ಅವತ್ತು ರಾತ್ರಿ ಕೂತು ಸ್ಕ್ರಿಪ್ಟ್ ತಿರುಗಿಸಿ ಬರ್ದೆ, ಬಂದೂಕಿನೋನು ಪಕ್ಕಕ್ಕೆ ಹೋದ, ಹೊರೆ ಹೊರೋನು ಮಧ್ಯಕ್ಕೆ ಬಂದ. ಮೇಸ್ತ್ರಿ ಅಣ್ಣ, ಸಿನಿಮಾ ಸಿನಿಮಾ ಆಗಿದ್ದು ಅವತ್ತೇ.

ಗೋಣಿಚೀಲ ಹೊಲಿದು ಕೊಟ್ಟ ಅಜ್ಜಿಗೂ ಕೈ ಮುಗೀತೀನಿ. ಆ ಗಣಿ ಏಣಿಗಳಿಗೆ ಅಲ್ಲಿನೋರು 'ಅಡೇವುಸ್ ಮಮಾಯ್' ಅಂತಿದ್ರು, ಅಂದ್ರೆ ಅಮ್ಮಂಗೆ ವಿದಾಯ, ಕಾಲು ಜಾರಿದ್ರೆ ಮುಗೀತು ಅಂತ. ನಾನು ಡೈಲಾಗಲ್ಲಿ 'ಹೋಗ್ತೀನಿ ಅವ್ವ' ಅಂತ ಬರೆದಿದ್ದೆ. ಅಜ್ಜಿ ಕೇಳಿಸ್ಕೊಂಡು ಸೂಜಿ ನಿಲ್ಲಿಸಿ, "ಹೋಯ್ತೀನಿ ಅನ್ಬಾರ್ದು ಕಣ್ಮಗ, ಹೋಗ್ಬತ್ತೀನಿ ಅನ್ಬೇಕು" ಅಂದ್ರು. ಡೈಲಾಗ್ ಎರಡೂ ಥರ ಇದೆ ಈಗ: ಹುಡುಗ ಹೋಗ್ತೀನಿ ಅಂತಾನೆ, ಅವ್ನ ಹಿಂದಿರೋ ದೊಡ್ಡೋನು ಅಜ್ಜಿ ಥರಾನೇ ತಿದ್ತಾನೆ. ಹಾಲಲ್ಲಿ ಅಷ್ಟೊತ್ತಿಗೆ ಸದ್ದೇ ಇರ್ಲಿಲ್ಲ.

ಕೆಜಿಎಫ್ ಅಂಕಲ್‌ಗೆ ಥ್ಯಾಂಕ್ಸ್. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚೋವರೆಗೂ ಕೆಳಗಿಳಿದು ದುಡಿದೋರು, ಈಗ ಮಗಳ ಜೊತೆ ಮೈಸೂರಲ್ಲಿದಾರೆ. ನಮ್ಮದು ಮಳವಳ್ಳಿ ಕಡೆ ಅಂದ ತಕ್ಷಣ ಕೈ ಹಿಡ್ಕೊಂಡು, "ನಿಮ್ಮ ಶಿವನಸಮುದ್ರದ ಕರೆಂಟಮ್ಮಾ ನಮ್ಮ ಗಣಿಗೆ, 1902ರಿಂದ" ಅಂದ್ರು. ನಟರ ಜೊತೆ ಎರಡು ದಿನ ಕೂತು ಒಂದೇ ವಿಷ್ಯ ಹೇಳಿದ್ದು, ಗಣೀಲಿ ಕೆಲಸ ಮಾಡೋನಿಗೆ ಕಾಣೋದು ಕಲ್ಲು, ಚಿನ್ನ ಅಲ್ಲ, ಕಣ್ಣಲ್ಲಿ ಆಸೆ ತೋರಿಸ್ಬೇಡಿ ಸುಸ್ತು ತೋರಿಸಿ ಅಂತ. ಪಾದರಸ ಹಾಕಿ ಚಿನ್ನ ಹಿಡಿದು ಆಮೇಲೆ ಸುಡೋ ಸೀನ್‌ಗೆ ನಿಜವಾದ್ದು ಮುಟ್ಟಲೇ ಬೇಡಿ, ಆ ಹೊಗೆ ವಿಷ ಅಂತ ತಡೆದ ಕೆಮಿಸ್ಟ್ರಿ ಮೇಡಂಗೂ ತುಂಬಾ ತುಂಬಾ ಥ್ಯಾಂಕ್ಸ್.

ಅಕ್ಟೋಬರ್ ಮಳೆ ಬಗ್ಗೆ ಹೇಳ್ಲೇಬೇಕು. ಎರಡೇ ರಾತ್ರೀಲಿ ಕ್ವಾರಿ ತುಂಬ್ತು, ನಮ್ಮ ಬಡಗಿ ಅಣ್ಣ ಮಾಡಿಕೊಟ್ಟಿದ್ದ ಹನ್ನೊಂದು ಏಣೀಲಿ ಏಳು ಮುಳುಗಿಹೋಯ್ತು, ದುಡ್ಡು ಹಾಕ್ತೀನಿ ಅಂದಿದ್ದೋರು ಹಿಂದೆ ಸರಿದ್ರು, ಏಳು ತಿಂಗಳು ಏನೂ ಇಲ್ಲ. ನಾನು ಫೋನ್ ಎತ್ತೋದೇ ಬಿಟ್ಟಿದ್ದೆ ಆಗ. ನಮ್ಮ ಎಡಿಟರ್ ಹುಡುಗಿ ಮನೆಗೇ ಬಂದು ಹೇಳಿದ್ಲು, ಅಕ್ಕ ಸೆರ್ರಾ ಪೆಲಾಡಾ ಗುಂಡೀನೂ ಕೊನೆಗೆ ನೀರು ತುಂಬಿ ಕೆರೆ ಆಯ್ತಲ್ವಾ, ನಮ್ಮ ಕ್ವಾರಿ ಈಗ ಹಂಗೇ ಇದೆ, ಇಳಿಯೋಕೆ ಮುಂಚೆ ಹೋಗಿ ತೆಗೆಯೋಣ ನಡಿ ಅಂತ. ನೀರಿನ ಮೇಲೆ ಏಣಿ ತುದಿ ಮಾತ್ರ ಕಾಣೋ ಆ ಕೊನೇ ಶಾಟ್ ಹಂಗೆ ಬಂದಿದ್ದು. ಅವತ್ತು ಅವಳು ಬರದೇ ಇದ್ದಿದ್ರೆ ಸಿನಿಮಾನೂ ಇಲ್ಲ, ಈ ಬರಹಾನೂ ಇಲ್ಲ. ಉಳಿದ ಶೂಟಿಂಗಿಗೆ ಅವ್ವ ತನ್ನ ಎರಡೆಳೆ ಸರ ಅಡ ಇಟ್ಲು, ಅದು ಇನ್ನೂ ಬ್ಯಾಂಕಲ್ಲೇ ಇದೆ, ಬಿಡಿಸ್ಕೊಂಡು ಬಂದೇ ಬರ್ತೀನಿ ಅವ್ವ. ದಿನಾ ಮುದ್ದೆ ಉಪ್ಸಾರು ಮಾಡಿ ಅರವತ್ತು ಜನಕ್ಕೆ ಬಡಿಸಿದ ಚಿಕ್ಕಮ್ಮಂದಿರು, ಡಬ್ಬಿಂಗಿಗೆ ಅಂತ ತಮ್ಮ ರೂಮು ಬಿಟ್ಟುಕೊಟ್ಟ ಸರಸ್ವತಿಪುರಂ ಹುಡುಗರು, ಬ್ರೆಜಿಲ್ ಕಥೆಗೆ ಮಂಡ್ಯ ಮಾತು ಯಾಕೆ ಅಂತ ಕೇಳಿ ಆಮೇಲೆ ನೋಡಿ ಅತ್ತ ನಮ್ಮ ಮೇಷ್ಟ್ರು, ಎಲ್ಲರಿಗೂ.

ಕಟಾವು ಜೋರಾಗಿರೋದ್ರಿಂದ ಗ್ಯಾಂಗಿನೋರು ಯಾರೂ ಮೈಸೂರಿಗೆ ಬರೋಕಾಗ್ಲಿಲ್ಲ. ಅದಕ್ಕೆ ಮುಂದಿನ ಶನಿವಾರ ರಾತ್ರಿ ಎಂಟಕ್ಕೆ ಅವ್ರ ಊರಲ್ಲೇ, ಮಾರಮ್ಮನ ಗುಡಿ ಮುಂದೆ ಪರದೆ ಕಟ್ತಿದೀವಿ. ನಿನ್ನೆ ಮೇಸ್ತ್ರಿ ಅಣ್ಣ ಫೋನ್ ಮಾಡಿ ಒಂದೇ ಮಾತು ಕೇಳಿದ್ದು, "ನಾ ಏಣಿ ಹತ್ತಿದ್ ಮಡ್ಗಿದ್ದೀಯೇನವ್ವ, ಕತ್ತರ್ಸ್ ಹಾಕ್ಬುಟ್ಯಾ?"

ಇಟ್ಟಿದೀನಣ್ಣ. ನೀವು ಕೆಳಗಿಂದ ಮೇಲಕ್ಕೆ ಬರೋವರೆಗೂ ಎಲ್ಲೂ ಕಟ್ ಮಾಡಿಲ್ಲ.