ಬರೀ ಐಸು, ಮೀನೆಲ್ಲಿ ಅಂದವರಿಗೆ

ಕಳೆದ ವಾರ ನನ್ನ ಕಥಾಸಂಕಲನದ ಕೊನೆಯ ಪ್ರತಿ ಹೋಯಿತು. ಹಾಕಿಸಿದ್ದು 500. ಮುಗಿಯಲು ಹೆಚ್ಚೂಕಡಿಮೆ ಒಂದೂವರೆ ವರ್ಷ ಹಿಡಿಯಿತು. ದೊಡ್ಡ ಊರಿನವರಿಗೆ ಇದೊಂದು ಲೆಕ್ಕವೇ ಅಲ್ಲ, ಗೊತ್ತು. ನನಗೆ ಮಾತ್ರ ಖಾಲಿ ಅಟ್ಟ ನೋಡಿ ಗಂಟಲು ಕಟ್ಟಿತು.

ನಾನು ಕಾರವಾರದ ಬೈತಖೋಲ ಬಂದರಿನ ಹತ್ತಿರ ಒಂದು ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವವಳು. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರುಗಳು ಕಡಲಿಗೆ ಇಳಿಯುವಂತಿಲ್ಲ, ಮೀನು ಮೊಟ್ಟೆ ಇಡುವ ಕಾಲ. ಬೋಟು ಹೋಗದಿದ್ದರೆ ಐಸು ಯಾರಿಗೆ ಬೇಕು? ಆ 61 ದಿನ ನನ್ನ ಮೇಜಿನ ಮೇಲೆ ಕೆಲಸ ಅಷ್ಟಕ್ಕಷ್ಟೇ, ಹೊರಗೆ ಧೋ ಅಂತ ಮಳೆ. ಹನ್ನೊಂದು ಕಥೆಗಳೂ ಹುಟ್ಟಿದ್ದು ಹಾಗೆ, ಹಳೇ ಬಿಲ್ಲುಗಳ ಹಿಂಬದಿಯಲ್ಲಿ. ಆರು ಮಳೆಗಾಲ ಬೇಕಾಯಿತು.

ಮೊದಲ ಥ್ಯಾಂಕ್ಸ್ ಬುಟ್ಟಿಗೆ ಐಸು ಒಯ್ಯಲು ಬರುವ ಒಬ್ಬ ಮೀನು ಮಾರುವ ಹೆಂಗಸಿಗೆ. ಅವಳಿಗೆ ಓದಲು ಬಾರದು. ಒಂದು ದಿನ ಮಳೆ ನಿಲ್ಲುವ ತನಕ ಕೂತಿದ್ದಳು, ಸುಮ್ನೆ ಒಂದು ಕಥೆ ಓದಿ ಹೇಳಿದೆ. ನಾಲ್ಕು ಪುಟ ಕೇಳಿ ಎದ್ದಳು. "ಬರೀ ಐಸೇ ಆಯ್ತಲ್ಲ ಅಕ್ಕೋರೆ, ಮೀನೆಲ್ಲಿ?"

ಎರಡು ದಿನ ಸಿಟ್ಟು ಇಳಿಯಲಿಲ್ಲ. ಮೂರನೇ ದಿನ ಬಿಲ್ಲುಗಳನ್ನು ಹರಡಿಕೊಂಡು ನೋಡಿದೆ. ಸಂಜೆ, ಅಲೆ, ಗಾಳಿಮರದ ಸದ್ದು, ಮತ್ತೆ ಸಂಜೆ. ದೋಣಿ ವಾಪಸ್ ಬರಲಿಲ್ಲ ಅನ್ನುವ ಸುದ್ದಿ ಐದನೇ ಪುಟದಲ್ಲಿತ್ತು! ಮೊದಲ ಮೂರೂವರೆ ಪುಟ ತೆಗೆದು ಹಾಕಿದೆ. ಅರ್ಧ ಪುಟ ಉಳಿಸಿಕೊಂಡೆ, ಐಸೇ ಇಲ್ಲದಿದ್ದರೆ ಮೀನೂ ಕೆಡುತ್ತೆ ಅಲ್ವಾ. ಆಮೇಲಿನ ಪ್ರತಿ ಕಥೆಯನ್ನೂ ಅವಳಿಗೆ ಓದಿ ಹೇಳಿಯೇ ಪ್ರೆಸ್ಸಿಗೆ ಕೊಟ್ಟಿದ್ದು. ಪುಸ್ತಕ ಬಂದಾಗ ಪುಕ್ಕಟೆ ಕೊಡಲು ಹೋದೆ, ಒಪ್ಪಲಿಲ್ಲ. ಹನ್ನೆರಡು ಬಂಗುಡೆ ಕೊಟ್ಟು ಒಯ್ದಳು.

ಪುಸ್ತಕ ಬಂದಿದ್ದು 2024ರ ಮೇ ಕೊನೆಗೆ. ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಆಗಸ್ಟಿನಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಜನ ತಮ್ಮವರನ್ನು ಮಣ್ಣಿನಲ್ಲಿ, ನೀರಿನಲ್ಲಿ ಹುಡುಕುತ್ತಿರುವಾಗ ನನ್ನ ಪುಸ್ತಕ ಕೊಳ್ಳಿ ಅಂತ ಯಾವ ಬಾಯಲ್ಲಿ ಹೇಳುವುದು? ಸುಮ್ಮನಾದೆ. 440 ಪ್ರತಿ ಮನೆಯಲ್ಲೇ ಉಳಿಯಿತು. ನಮ್ಮ ಕರಾವಳಿಯ ಮಳೆಯಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತೆ, ಕಾಗದ ಬಿಟ್ಟೀತೇ? ಅಮ್ಮ ಹೇಳದೆ ಕೇಳದೆ ಕಟ್ಟುಗಳನ್ನೆಲ್ಲ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದಳು, ಮುರುಗಲು ಸಿಪ್ಪೆಯ ಡಬ್ಬಿಗಳ ಪಕ್ಕಕ್ಕೆ. ಒಂದು ಹಾಳೆಗೂ ಬೂಷ್ಟು ಬರಲಿಲ್ಲ. ಬದಲಿಗೆ ಹೊಗೆ ವಾಸನೆ ಹತ್ತಿತು. ನಾಚಿಕೆಯಿಂದ ಮೊದಲೇ ಹೇಳಿ ಕೊಡುತ್ತಿದ್ದೆ. ಕುಮಟಾದ ಓದುಗರೊಬ್ಬರು, ಅಜ್ಜಿ ಮನೆ ನೆನಪಾಯಿತು ಅಂತ ಇನ್ನೆರಡು ಪ್ರತಿ ತರಿಸಿಕೊಂಡರು. ಅದು ಕಥೆಗೋ ಹೊಗೆಗೋ, ಕೇಳುವ ಧೈರ್ಯ ಆಗಲಿಲ್ಲ.

ಇನ್ನು ಶಿರಸಿ ಕಡೆಯ ಆ ಹಿರಿಯರು. ಸಂಕಲನದಲ್ಲಿ ಒಂದೇ ಒಂದು ಕಥೆ ಘಟ್ಟದ ಮೇಲಿನದು. ಕಡಲು ನೋಡಿ ಬೆಳೆದವಳು ಅಡಿಕೆ ತೋಟದ ಬಗ್ಗೆ ಬರೆದರೆ ಇನ್ನೇನಾಗುತ್ತೆ? ಕೊನೆಗೌಡನನ್ನು, ಅಂದರೆ ಮರ ಹತ್ತಿ ಅಡಿಕೆ ಕೊನೆ (ಗೊನೆ) ಇಳಿಸುವವನನ್ನು, ಸುರಿಯುವ ಮಳೆಯಲ್ಲೇ ಮರ ಹತ್ತಿಸಿ ಕೊಳೆರೋಗಕ್ಕೆ ಮದ್ದು ಹೊಡೆಸಿಬಿಟ್ಟಿದ್ದೆ. ಆ ದೃಶ್ಯ ನನಗೆ ಭಾರೀ ಇಷ್ಟ ಬೇರೆ. ಅವರು ಫೋನ್ ಮಾಡಿದರು. "ಅಲ್ಲ ತಂಗಿ, ಮಳೆ ಹೊಯ್ಯುವಾಗ ಹೊಡೆದ ಮದ್ದು ಕೊನೆ ಮೇಲೆ ನಿಲ್ತದಾ? ಒಂದ್ಸಲ ಬಾ, ನೋಡು."

ಹೋದೆ. ಮೈಲುತುತ್ತ (ತಾಮ್ರದ ಸಲ್ಫೇಟ್) ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು 100 ಲೀಟರ್. ಎರಡನ್ನೂ ಬೇರೆ ಬೇರೆ ಕರಗಿಸಿ ಸೇರಿಸಿದರು. ತಿಳಿ ನೀಲಿ ಬಣ್ಣ ಬಂತು. ಆಮೇಲೆ ಉಜ್ಜಿ ತೊಳೆದ ಒಂದು ಕಬ್ಬಿಣದ ಚೂರಿ ಅದ್ದಿ ಸ್ವಲ್ಪ ಹೊತ್ತು ಹಿಡಿದರು. ಎತ್ತಿದಾಗ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿತ್ತು. "ಸುಣ್ಣ ಸಾಲದು" ಅಂತ ಇನ್ನಷ್ಟು ಹಾಕಿದರು. ಮತ್ತೆ ಅದ್ದಿದರು. ಈ ಸಲ ಚೂರಿ ಬೆಳ್ಳಗೇ ಬಂತು. ಇಷ್ಟನ್ನೂ ಮಾಡುವುದು ಮಳೆಗಾಲ ಹಿಡಿಯುವ ಮುಂಚೆ, ಆಮೇಲೆ ನಡುವೆ ಮಳೆ ಬಿಟ್ಟು ಹೊಳವಾದಾಗ. ಮಧ್ಯಾಹ್ನ ಅವರ ಮನೆಯಲ್ಲಿ ತಂಬುಳಿ ಅನ್ನ ಉಂಡು, ಕಥೆಯ ಉಳಿದ ಭಾಗ ಹೇಗಿದೆ ಅಂತ ಕೇಳಿದೆ. "ಅಡ್ಡಿಲ್ಲೆ" ಅಂದರು, ಪರವಾಗಿಲ್ಲ ಅಂತ. ಘಟ್ಟದ ಮೇಲಿನವರ ಬಾಯಲ್ಲಿ ಅದು ದೊಡ್ಡ ಸರ್ಟಿಫಿಕೇಟು.

ಚೆನ್ನಾಗಿದೆ ಅಂದವರಿಗೂ ಋಣಿ, ಸುಳ್ಳು ಹೇಳುವುದಿಲ್ಲ. ಅಂಥ ಮಾತು ಬಂದ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು. ತಪ್ಪು ತೋರಿಸಿದವರ ಫೋನ್ ಬಂದ ರಾತ್ರಿ ಮಾತ್ರ ಎದ್ದು ಕೂತು ಬರೆಯುತ್ತಿದ್ದೆ.

ಎರಡನೇ ಮುದ್ರಣಕ್ಕೆ ಕೊಟ್ಟಿದ್ದೇನೆ, ಈ ಸಲ 300. ಹೊಗೆ ವಾಸನೆಯ ಗ್ಯಾರಂಟಿ ಇಲ್ಲ. ಮೊದಲ ಮುದ್ರಣ ಕೈಯಲ್ಲಿರುವವರು ದಯವಿಟ್ಟು ಪುಟ 62 ತೆಗೆಯಿರಿ. ಮೇಲಿಂದ ಏಳನೇ ಸಾಲು. 'ಸುರಿಯುವ ಮಳೆಯಲ್ಲೇ' ಅಂತ ಇರುವುದನ್ನು ಹೊಡೆದು ಹಾಕಿ, 'ಮಳೆ ಹೊಳವಾದ ಮೇಲೆ' ಅಂತ ಪೆನ್ನಿನಲ್ಲಿ ಬರೆದುಕೊಳ್ಳಿ.