ಸುಣ್ಣ ಸುರಿದರೆ ಕ್ರೋಮಿಯಂ ಹೋಗುವುದಿಲ್ಲ: ಪರಿಸರ ಸಚಿವರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಸಚಿವರೇ,

ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದರೆ ಕ್ರೋಮಿಯಂ ಲೋಹದ ನೀರಲ್ಲಿ ಕರಗುವ ವಿಷಕಾರಿ ರೂಪ, ಸೇರಿರುವುದು ತಮಗೆ ಹೊಸ ಸುದ್ದಿಯಲ್ಲ. ಅದು ನೆಲಕ್ಕಿಳಿಯುವ ಮೊದಲು ಪ್ಲೇಟಿಂಗ್ (ಬಿಡಿಭಾಗಗಳಿಗೆ ಲೋಹದ ಲೇಪನ ಹಾಕುವ) ಶೆಡ್ಡಿನ ಹಿಂದಿನ ತೊಟ್ಟಿಯಲ್ಲಿ ಏನಾಗುತ್ತದೆಂಬುದನ್ನು, ಅಂಥ ತೊಟ್ಟಿಯ ಪಕ್ಕ ವರ್ಷಗಟ್ಟಲೆ ನಿಂತವನಾಗಿ ತಮ್ಮ ಗಮನಕ್ಕೆ ತರಬಯಸುತ್ತೇನೆ.

ಕ್ರೋಮ್ ಲೇಪನವಾದ ಬಿಡಿಭಾಗಗಳನ್ನು ತೊಳೆದ ನೀರು ಹಳದಿ, ಜೊತೆಗೆ ಆಮ್ಲೀಯ. ನಾನು ಮೊದಲು ಕೆಲಸಕ್ಕಿದ್ದ ಸಣ್ಣ ಘಟಕದಲ್ಲಿ ಅದಕ್ಕೆ ಎರಡು ಬಕೆಟ್ ಸುಣ್ಣದ ಹಾಲು ಸುರಿದು, ಆಮ್ಲೀಯತೆ ತೋರಿಸುವ ಪಿಎಚ್ ಕಾಗದ ಅದ್ದಿ, ಬಣ್ಣ 8ಕ್ಕೆ ಹೊಂದಿದೊಡನೆ ವಾಲ್ವ್ ತಿರುಗಿಸುತ್ತಿದ್ದೆವು. ರಿಜಿಸ್ಟರಿನಲ್ಲಿ ಎಲ್ಲವೂ ಸರಿ. ನೀರು ಮಾತ್ರ ಹಳದಿಯೇ. ಕಬ್ಬಿಣ, ಸತುವಿನಂಥ ಲೋಹಗಳು ಹೈಡ್ರಾಕ್ಸೈಡ್ ಆಗಿ ತಳ ಸೇರುತ್ತಿದ್ದವು, ನಿಜ. ಆದರೆ ಹೆಕ್ಸಾವೇಲೆಂಟ್ ಕ್ರೋಮಿಯಂ ಸುಣ್ಣಕ್ಕೆ ಬಗ್ಗುವುದಿಲ್ಲ. ನೀರಿನ ಪಿಎಚ್ 2ರಿಂದ 3ರ ನಡುವೆ ಇರುವಾಗಲೇ ಸೋಡಿಯಂ ಮೆಟಾಬೈಸಲ್ಫೈಟ್ ಬೆರೆಸಿ ಅದನ್ನು ಕಡಿಮೆ ವಿಷದ ಟ್ರೈವೇಲೆಂಟ್ ರೂಪಕ್ಕೆ ಇಳಿಸಬೇಕು. ಹಳದಿ ಅಳಿದು ಹಸಿರು ಬಂದ ಮೇಲೆ ಸುಣ್ಣದಿಂದ ಪಿಎಚ್ ಅನ್ನು 8ರಿಂದ 9ಕ್ಕೆ ಏರಿಸಿದರೆ, ಹಾಲು ಒಡೆದಂತೆ ಹಸಿರು ಗಸಿ ಕಟ್ಟಿ ನಿಧಾನವಾಗಿ ಕೆಳಗಿಳಿಯುತ್ತದೆ. ಸುಣ್ಣವೇ ಮೊದಲು ಬಿದ್ದರೆ ಆ ಕ್ರಿಯೆ ತೀರಾ ಮಂದವಾಗಿ, ಮೆಟಾಬೈಸಲ್ಫೈಟ್ ಹಾಕಿಯೂ ಪ್ರಯೋಜನವಾಗದು.

ಲೇಪನಕ್ಕೆ ಬಳಸುವ ಇನ್ನೊಂದು ಲೋಹವಾದ ನಿಕ್ಕಲ್ ತಳ ಸೇರಲು ಪಿಎಚ್ 10ರ ಆಸುಪಾಸಿಗೆ ಹೋಗಬೇಕು, ಅಲ್ಲಿ ಕ್ರೋಮಿಯಂ ಗಸಿ ಮತ್ತೆ ಕರಗತೊಡಗುವ ಭಯ. ಲೇಪನಕ್ಕೇ ಬಳಸುವ ಸಯನೈಡ್ ತೊಟ್ಟಿಯ ನೀರಂತೂ ಆಮ್ಲದ ನೀರಿಗೆ ಬೆರೆತರೆ ಹೊರಡುವ ಅನಿಲವೇ ಪ್ರಾಣಾಂತಿಕ. ಎಲ್ಲವನ್ನೂ ಒಂದೇ ಚರಂಡಿಗೆ ಬಿಟ್ಟು, ಕೊನೆಯಲ್ಲಿ ಒಂದು ಸಂಸ್ಕರಣಾ ಘಟಕ ಕಟ್ಟಿಸಿದರೆ ಸಾಲದೆನ್ನುವುದು ಈ ಕಾರಣಕ್ಕೆ.

ಎರಡು ಗುಂಟೆ ಜಾಗದ ಶೆಡ್ಡಿನವರು ಮೂರು ಬಗೆಯ ತೊಟ್ಟಿ ಕಟ್ಟಿಸಲಾರರು. ಆದ್ದರಿಂದ ಕ್ರೋಮ್ ನೀರನ್ನು ಬೇರೆಯೇ ಕೊಳವೆಯಲ್ಲಿ ಅಥವಾ ಟ್ಯಾಂಕರಿನಲ್ಲಿ ಸಾಮೂಹಿಕ ಸಂಸ್ಕರಣಾ ಘಟಕಕ್ಕೆ ಒಯ್ಯುವ ವ್ಯವಸ್ಥೆಗೆ ಸರ್ಕಾರ ಹಣ ಒದಗಿಸಬೇಕೆಂದು ಕೋರುತ್ತೇನೆ. ತಪಾಸಣೆಯೂ ಪಿಎಚ್‌ಗೆ ನಿಲ್ಲದಿರಲಿ. ಹೊರಬಿಡುವ ನೀರಿನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದೆ, ಅದನ್ನು ಕಾಗದದ ಪಟ್ಟಿ ತೋರಿಸದು. 1 ಕಿಲೋ ಕ್ರೋಮಿಯಂ ಇಳಿಸಲು ಸುಮಾರು 3 ಕಿಲೋ ಮೆಟಾಬೈಸಲ್ಫೈಟ್ ಬೇಕು; ಘಟಕ ಕೊಂಡ ಚೀಲಗಳ ಬಿಲ್ಲನ್ನೂ, ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಕೇಂದ್ರಕ್ಕೆ ಕಳುಹಿಸಿದ ಗಸಿಯ ತೂಕವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಯಾರ ತೊಟ್ಟಿಯಲ್ಲಿ ಬರೀ ಸುಣ್ಣ ಬೀಳುತ್ತಿದೆ ಎಂಬುದು ಕಚೇರಿಯಲ್ಲಿ ಕುಳಿತೇ ತಿಳಿಯುತ್ತದೆ.

ತಮ್ಮ ವಿಶ್ವಾಸಿ,
ಪ್ಲೇಟಿಂಗ್ ಘಟಕವೊಂದರ ಮಾಜಿ ಮೇಲ್ವಿಚಾರಕ